ಅಮ್ಮನಿಗೆ ಮೊದಲು ಕೀಮೋ ಯಾಕೆ? ಐಎಚ್‌ಸಿ ರಿಪೋರ್ಟ್ ಕೇಳಿ ತಗೊಳ್ಳಿ

ಪಕ್ಕದ ಮನೆಯವರ ಸ್ತನ ಕ್ಯಾನ್ಸರ್‌ಗೆ ನೇರವಾಗಿ ಆಪರೇಷನ್ ಮಾಡಿದರು, ನಮ್ಮಮ್ಮನಿಗೆ ಮಾತ್ರ ಮೊದಲು ಕೀಮೋ ಅಂತಾರೆ, ಸುಮ್ನೆ ಎಳೀತಿದ್ದಾರಾ ಅಂತ ಕೇಳಿದ್ದೀರಿ. 2019ರಲ್ಲಿ ನಮ್ಮಕ್ಕನಿಗೆ ಹೀಗೇ ಹೇಳಿದಾಗ ನಾವೂ ಇದನ್ನೇ ಕೇಳಿದ್ದೆವು. ನಾನು ಡಾಕ್ಟರ್ ಅಲ್ಲ, ಅಕ್ಕನ ಫೈಲ್ ಹಿಡಿದು ಓಡಾಡಿದವಳು. ಆ ಓಡಾಟದಲ್ಲಿ ಅರ್ಥವಾದದ್ದನ್ನು ಹೇಳುತ್ತೇನೆ.

ಕ್ಯಾನ್ಸರ್ ಅನ್ನೋ ಹೆಸರು ಒಂದೇ, ಕಾಯಿಲೆಗಳು ಹತ್ತಾರು. ನಮ್ಮ ಚಿಕ್ಕಪ್ಪನಿಗೆ ಸಿಎಂಎಲ್ ಅನ್ನುವ ರಕ್ತದ ಕ್ಯಾನ್ಸರ್. ಅಲ್ಲಿ ಕೊಯ್ದು ತೆಗೆಯೋಕೆ ಗಡ್ಡೆಯೇ ಇಲ್ಲ. ದಿನಾ ಇಮ್ಯಾಟಿನಿಬ್ ಮಾತ್ರೆ ನುಂಗುತ್ತಾರೆ, ಗದ್ದೆಗೂ ಹೋಗುತ್ತಾರೆ. ಅದೇ ಮಾತ್ರೆ ಅಕ್ಕನ ಕಾಯಿಲೆಗೆ ಉಪಯೋಗವಿಲ್ಲ.

ಸ್ತನ ಕ್ಯಾನ್ಸರ್‌ನಲ್ಲೂ ಬಗೆಗಳಿವೆ. ಬಯಾಪ್ಸಿಯಲ್ಲಿ ಗಡ್ಡೆಯಿಂದ ತೆಗೆದ ತುಣುಕಿನ ಮೇಲೆ ಐಎಚ್‌ಸಿ ಅಂತ ಒಂದು ಪರೀಕ್ಷೆ ಮಾಡುತ್ತಾರೆ, ಅದರಲ್ಲಿ ಇಆರ್, ಪಿಆರ್, ಹರ್-2 ಅಂತ ಮೂರು ಸಾಲು ಇರುತ್ತವೆ. ಮೊದಲೆರಡು ಪಾಸಿಟಿವ್ ಅಂದರೆ ಗಡ್ಡೆ ಹಾರ್ಮೋನಿನಿಂದ ಬೆಳೆಯುವ ಜಾತಿ, ಆಮೇಲೆ ಐದು ವರ್ಷವೋ ಇನ್ನೂ ಜಾಸ್ತಿಯೋ ಟ್ಯಾಮಾಕ್ಸಿಫೆನ್‌ನಂಥ ಮಾತ್ರೆ ಇರುತ್ತದೆ. ಹರ್-2 ಅನ್ನೋದು ಗಡ್ಡೆಯನ್ನು ಬೇಗ ಬೆಳೆಸುವ ಒಂದು ಪ್ರೋಟೀನ್, ಅದು ಪಾಸಿಟಿವ್ ಆದರೆ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ಕೆಲಸ ಮಾಡುತ್ತದೆ. ಹರ್-2 ಎದುರು '2+' ಅಂತಿದ್ದರೆ ಅದು ಇನ್ನೂ ತೀರ್ಮಾನವಾಗಿಲ್ಲ ಅಂತ ಅರ್ಥ, ಫಿಶ್ ಅನ್ನೋ ಇನ್ನೊಂದು ಪರೀಕ್ಷೆ ಬೇಕಾಗುತ್ತದೆ. ಮೂರೂ ನೆಗೆಟಿವ್ ಆದರೆ ಈ ಎರಡು ಔಷಧಿಗಳೂ ನಾಟುವುದಿಲ್ಲ, ಕೀಮೋನೇ ಮುಖ್ಯ ಆಸರೆ.

ಈಗ ನಿಮ್ಮ ಪ್ರಶ್ನೆ. ಗಡ್ಡೆ ಚಿಕ್ಕದಿದ್ದು, ಕಂಕುಳಿನ ಗಂಟುಗಳಿಗೆ ಹರಡದೆ, ಹಾರ್ಮೋನ್ ಬಗೆಯದ್ದಾದರೆ ಹೆಚ್ಚಾಗಿ ಮೊದಲು ಆಪರೇಷನ್. ಗಡ್ಡೆ ದೊಡ್ಡದಿದ್ದರೆ, ಕಂಕುಳಿಗೆ ಬಂದಿದ್ದರೆ, ಅಥವಾ ಹರ್-2 ಪಾಸಿಟಿವ್ ಬಗೆಯೋ ಮೂರೂ ನೆಗೆಟಿವ್ ಬಗೆಯೋ ಆಗಿದ್ದರೆ, ಮೊದಲೇ ಕೀಮೋ ಕೊಟ್ಟು ಗಡ್ಡೆಯನ್ನು ಕುಗ್ಗಿಸುವುದು ಎಲ್ಲಾ ಕಡೆ ಇರುವ ಪದ್ಧತಿ. ಔಷಧಿ ನಾಟುತ್ತಿದೆಯಾ ಅನ್ನೋದೂ ಕಣ್ಣೆದುರೇ ಗೊತ್ತಾಗುತ್ತದೆ. ಅಕ್ಕನಿಗೆ ಹರ್-2 ಪಾಸಿಟಿವ್. ಮೂರನೇ ಕೀಮೋ ಹೊತ್ತಿಗೆ ಗಡ್ಡೆ ಕೈಗೆ ಸಣ್ಣದಾಗಿ ಸಿಗುತ್ತಿತ್ತು, ಅವತ್ತು ಅವಳು ಅತ್ತಿದ್ದು ನನಗೆ ಈಗಲೂ ನೆನಪಿದೆ. ಆಮೇಲೆ ಆಪರೇಷನ್, ನಮ್ಮೂರಲ್ಲಿ 'ಕರೆಂಟ್ ಕೊಡೋದು' ಅಂತಾರಲ್ಲ ಆ ರೇಡಿಯೇಷನ್, ಜೊತೆಗೆ ಒಂದು ವರ್ಷ ಮೂರು ವಾರಕ್ಕೊಮ್ಮೆ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್. ಆ ಇಂಜೆಕ್ಷನ್ ಹೃದಯಕ್ಕೆ ತೊಂದರೆ ಕೊಡಬಹುದು, ಅದಕ್ಕೇ ಆಗಾಗ ಎಕೋ (ಹೃದಯದ ಸ್ಕ್ಯಾನ್) ಮಾಡಿಸುತ್ತಿದ್ದರು. ಅದನ್ನು ತಪ್ಪಿಸಬೇಡಿ.

ನಾವು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಊರಿನ ಕ್ಲಿನಿಕ್ ಒಂದರಲ್ಲಿ ಗಂಟು ನೋವಿಲ್ಲ ಅಲ್ವಾ, ಏನಿಲ್ಲ ಬಿಡಿ ಅಂದರು. ನಂಬಿ ಮೂರು ತಿಂಗಳು ಕೂತೆವು. ಕ್ಯಾನ್ಸರ್ ಗಂಟು ಶುರುವಿನಲ್ಲಿ ನೋಯದೇ ಇರುವುದೇ ಜಾಸ್ತಿ. ಹಾಗಾಗಿ ನೋವಿಲ್ಲ ಬಿಡಿ ಅಂತಲೋ, ನಾಟಿ ಔಷಧಿ ನೋಡೋಣ ಅಂತಲೋ ಯಾರಾದರೂ ಹೇಳಿದರೆ ದಯವಿಟ್ಟು ದಿನ ಕಳೆಯಬೇಡಿ.

ದುಡ್ಡಿನ ವಿಷಯ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಎಪಿಎಲ್ ಆದರೆ ಆ ಚಿಕಿತ್ಸೆಗೆ ನಿಗದಿಯಾದ ಪ್ಯಾಕೇಜ್ ದರದ 30 ಪರ್ಸೆಂಟ್ ಮಾತ್ರ ಸರ್ಕಾರ ಕೊಡುತ್ತದೆ. ಅನುಮಾನ ಉಳಿದರೆ ಡಾಕ್ಟರ್ ಬದಲಿಸುವ ಮುಂಚೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇನ್ನೊಂದು ಅಭಿಪ್ರಾಯ ತಗೊಳ್ಳಿ, ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್ (ಮೇಣದಲ್ಲಿ ಇಟ್ಟ ಆ ತುಣುಕು) ಕೇಳಿ ಜೊತೆಗೆ ಒಯ್ಯಿರಿ. ನಾಳೆ ಡಾಕ್ಟರ್ ಹತ್ತಿರ ಇಷ್ಟು ಕೇಳಿ: ಯಾವ ಬಗೆ, ಯಾವ ಸ್ಟೇಜ್, ಕೀಮೋ ನಾಟುತ್ತಿದೆ ಅಂತ ಯಾವಾಗ ನೋಡುತ್ತೀರಿ. ಐಎಚ್‌ಸಿ ರಿಪೋರ್ಟಿನ ಆ ಮೂರು ಸಾಲು ಇಲ್ಲಿ ಹಾಕಿ, ಅಮ್ಮನ ಹೆಸರು ಬೇಡ. ನನಗೆ ತಿಳಿದಷ್ಟು ಬಿಡಿಸಿ ಹೇಳುತ್ತೇನೆ.