ಟೋರ್ಬೆಕನನ್ನು ಪೀಠದಿಂದ ಸ್ವಲ್ಪ ಕೆಳಗಿಳಿಸಿ

ನಮಸ್ಕಾರ.

ಡಚ್ ರಾಜಕಾರಣಿ ಯೊಹಾನ್ ರುಡಾಲ್ಫ್ ಟೋರ್ಬೆಕನ ಬಗ್ಗೆ ನೀವು ಕಳಿಸಿದ ಹನ್ನೊಂದು ಪುಟದ ಲೇಖನ ಓದಿದೆ, ಎರಡು ಸಲ. ಇಂಥವನ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನಿಮಗೆ ಅನ್ನಿಸಿದ್ದೇ ಖುಷಿಯ ವಿಷಯ. ಆದರೆ ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಯಾಕೆ ಅಂತ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಲೇಖನದಲ್ಲಿ ಅವನಿಗೆ ಎದುರಾಳಿಗಳೇ ಇಲ್ಲ. ಹುಟ್ಟಿದ, ಓದಿದ, ಪ್ರೊಫೆಸರ್ ಆದ, ಸಂವಿಧಾನ ಬರೆದ, ಮೂರು ಸಲ ಸರ್ಕಾರ ನಡೆಸಿದ, ತೀರಿಕೊಂಡ. ಸರ್ವಿಸ್ ರಿಜಿಸ್ಟರ್ ಓದಿದ ಹಾಗಾಯಿತು. 'ಮಹಾನ್' ಅನ್ನುವ ಪದ ಹದಿನಾಲ್ಕು ಸಲ ಬಂದಿದೆ, ಕೂತು ಎಣಿಸಿದೆ.

ಮೊದಲ ವಾಕ್ಯವನ್ನೇ ನೋಡಿ: '1798ರ ಜನವರಿ 14ರಂದು ಜ್ವೊಲೆ ಎಂಬ ಪುಟ್ಟ ಪಟ್ಟಣದಲ್ಲಿ ಮಹಾನ್ ಚೇತನವೊಂದು ಜನ್ಮ ತಾಳಿತು.' ಯಾರ ಜೀವನಚರಿತ್ರೆಗೆ ಬೇಕಾದರೂ ಹಚ್ಚಬಹುದಾದ ವಾಕ್ಯ ಇದು. ಅದೇ ಪುಟದ ಕೆಳಗೆ, ಅಪ್ಪನ ತಂಬಾಕು ವ್ಯಾಪಾರ ಮುಳುಗಿಹೋಗಿತ್ತು ಅಂತ ನೀವೇ ಬರೆದಿದ್ದೀರಿ, ಅಷ್ಟು ಒಳ್ಳೆಯ ವಿವರವನ್ನು ಅರ್ಧ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಕೈಯಲ್ಲಿ ಕಾಸಿಲ್ಲದ ಮನೆಯ ಹುಡುಗ, ಓದನ್ನೇ ನಂಬಿಕೊಂಡು ಮೇಲೆ ಬಂದವನು. ಅಲ್ಲಿಂದ ಶುರು ಮಾಡಬಹುದಿತ್ತು ಅಲ್ವಾ?

ಇಲ್ಲವೇ 1848ರ ಮಾರ್ಚ್‌ನಿಂದ ಶುರು ಮಾಡಿ. ನಾನಾದರೆ ಹಾಗೇ ಮಾಡುತ್ತಿದ್ದೆ. ಪ್ಯಾರಿಸ್‌ನಲ್ಲಿ ದೊರೆ ಓಡಿಹೋಗಿದ್ದಾನೆ, ಬರ್ಲಿನ್, ವಿಯೆನ್ನಾದಲ್ಲಿ ಗಲಾಟೆ. ಇತ್ತ ನೆದರ್‌ಲ್ಯಾಂಡ್ಸ್‌ನ ಹೇಗ್‌ನಲ್ಲಿ ಎರಡನೇ ವಿಲ್ಲೆಮ್ ದೊರೆ ಹೆದರಿ, ಮಂತ್ರಿಗಳನ್ನೂ ಕೇಳದೆ, ಸಂವಿಧಾನ ಬದಲಾಯಿಸೋಣ ಅಂದುಬಿಟ್ಟ. ಇಪ್ಪತ್ನಾಲ್ಕು ಗಂಟೆಯಲ್ಲಿ ತಾನು ಪಕ್ಕಾ ಸಂಪ್ರದಾಯವಾದಿಯಿಂದ ಪಕ್ಕಾ ಉದಾರವಾದಿಯಾದೆ ಅಂತ ಅವನೇ ಹೇಳಿಕೊಂಡಿದ್ದಾನೆ. ಮಾರ್ಚ್ 17ಕ್ಕೆ ಐದು ಜನರ ಸಮಿತಿ, ಅಧ್ಯಕ್ಷ ಟೋರ್ಬೆಕ. ಏಪ್ರಿಲ್ 11ಕ್ಕೆ ಕರಡು ರೆಡಿ, ಪೂರ್ತಿ ಒಂದು ತಿಂಗಳೂ ಹಿಡಿಯಲಿಲ್ಲ. ಹೇಗೆ ಸಾಧ್ಯವಾಯಿತು ಅಂತ ಓದುಗ ಕೇಳುತ್ತಾನೆ, ನೀವು ಹೇಳಿಲ್ಲ. ಉತ್ತರ ನಿಮ್ಮದೇ ಮೂರನೇ ಪುಟದಲ್ಲಿದೆ: ಲೈಡನ್‌ನಲ್ಲಿ ಪಾಠ ಮಾಡುತ್ತಿದ್ದಾಗಲೇ, 1839ರಲ್ಲಿ, ಹಳೆಯ ಸಂವಿಧಾನದ ಮೇಲೆ ಟಿಪ್ಪಣಿ ಬರೆದು ಪ್ರಕಟಿಸಿದ್ದ. 1844ರಲ್ಲಿ ಎಂಟು ಜನರ ಜೊತೆ ಸೇರಿ ಸಂಸತ್ತಿನಲ್ಲಿ ತಿದ್ದುಪಡಿ ಮಂಡಿಸಿ ಸೋತಿದ್ದ. ಮನೆಪಾಠ ಮುಗಿಸಿಟ್ಟುಕೊಂಡು ಕಾಯುತ್ತಿದ್ದವನು ಅವನು. ಇಷ್ಟೆಲ್ಲ ಆದಮೇಲೂ ಹೊಸ ಮಂತ್ರಿಮಂಡಲದಲ್ಲಿ ಅವನಿಗೆ ಜಾಗ ಸಿಗಲಿಲ್ಲ! ಕರಡು ಬರೆದವನು ಹೊರಗೆ. 1849ರ ಕೊನೆಯವರೆಗೂ ಕಾಯಬೇಕಾಯಿತು. ನಿಮ್ಮ ಲೇಖನದಲ್ಲಿ ಇದು ಒಂದು ಅಡಿಟಿಪ್ಪಣಿ.

ಅಧಿಕಾರಕ್ಕೆ ಬಂದಾಗ, ನಿಮ್ಮ ಕಾರ್ಯಕ್ರಮ ಏನು ಅಂತ ಕೇಳಿದವರಿಗೆ ಅವನು ಕೊಟ್ಟ ಉತ್ತರ: ನಮ್ಮ ಕೆಲಸಕ್ಕೆ ಕಾಯಿರಿ. ಅಷ್ಟೇ. ನೀವೂ ಹಾಗೇ ಮಾಡಿ, ವಿಶೇಷಣ ಕಡಿಮೆ, ಕೆಲಸ ಜಾಸ್ತಿ. 1851ರ ಪುರಸಭೆ ಕಾನೂನಿನ ಬಗ್ಗೆ ನೀವು ಬರೆದ ಎರಡು ಪುಟವನ್ನು ಅರ್ಧ ಪುಟಕ್ಕೆ ಇಳಿಸಿ.

ಉಳಿದ ಜಾಗವನ್ನು 1853ಕ್ಕೆ ಕೊಡಿ. ಅವನ ಸಂವಿಧಾನ ಎಲ್ಲ ಚರ್ಚುಗಳಿಗೂ ತಮ್ಮ ವ್ಯವಸ್ಥೆ ತಾವೇ ಮಾಡಿಕೊಳ್ಳುವ ಸ್ವಾತಂತ್ರ್ಯ ಕೊಟ್ಟಿತ್ತು. ಅದನ್ನು ಬಳಸಿಕೊಂಡು ಪೋಪ್ ಉಟ್ರೆಕ್ಟ್ ನಗರಕ್ಕೆ ಕ್ಯಾಥೊಲಿಕ್ ಆರ್ಚ್‌ಬಿಷಪ್ಪರನ್ನು ನೇಮಿಸಿದರು. ಪ್ರಾಟೆಸ್ಟೆಂಟರು ಬೀದಿಗಿಳಿದರು, ದೊರೆಗೆ ಕೊಟ್ಟ ಮನವಿಗೆ ಸುಮಾರು ಎರಡು ಲಕ್ಷ ಸಹಿ ಬಿತ್ತು. ಆಗಿನ ದೊರೆ ಮೂರನೇ ವಿಲ್ಲೆಮ್‌ಗೆ ಟೋರ್ಬೆಕನ ಮುಖ ಕಂಡರೆ ಆಗುತ್ತಿರಲಿಲ್ಲ. ದೊರೆ ಮನವಿ ತಂದವರ ಕಡೆಗೇ ವಾಲಿದ, ಸರ್ಕಾರ ಬಿತ್ತು. ಟೋರ್ಬೆಕ ಲೂಥರನ್, ಅಂದರೆ ಪ್ರಾಟೆಸ್ಟೆಂಟನೇ, ಕ್ಯಾಥೊಲಿಕ್ ಅಲ್ಲ ಅನ್ನುವುದನ್ನೂ ಹೇಳಿ. ಇನ್ನೊಂದು ಲೆಕ್ಕ ನಿಮ್ಮ ಕಣ್ಣು ತಪ್ಪಿದೆ. ತೆರಿಗೆ ಕಟ್ಟುವ ಗಂಡಸರಿಗೆ ಮಾತ್ರ ಮತ ಇದ್ದ ಆ ಕಾಲದಲ್ಲಿ ದೇಶದ ಒಟ್ಟು ಮತದಾರರೇ ಒಂದು ಲಕ್ಷ ಇರಲಿಲ್ಲ. ಅಂದರೆ ಅವನನ್ನು ಇಳಿಸಿದ ಮನವಿಗೆ ಸಹಿ ಹಾಕಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಅವನ ಸಂವಿಧಾನ ಮತವನ್ನೇ ಕೊಟ್ಟಿರಲಿಲ್ಲ. ಇದು ನಿಮ್ಮ ಲೇಖನದ ನಡುಮಧ್ಯೆ ಕೂರಬೇಕಾದ ವಿಷಯ.

ಇನ್ನು ಒಂದು ಗಂಭೀರ ತಕರಾರು. ಅವನ ಎರಡನೇ ಸರ್ಕಾರದ ಬಗ್ಗೆ '1863ರಲ್ಲಿ ಗುಲಾಮಗಿರಿ ಅಳಿಸಿದ ಮಾನವತಾವಾದಿ' ಅಂತ ಬರೆದು ಮುಂದೆ ಹೋಗಿದ್ದೀರಿ. ದಕ್ಷಿಣ ಅಮೆರಿಕದ ಡಚ್ ವಸಾಹತು ಸುರಿನಾಮ್‌ನಲ್ಲಿ ತಲೆಗೆ 300 ಗಿಲ್ಡರ್ (ಆಗಿನ ಡಚ್ ನಾಣ್ಯ) ಪರಿಹಾರ ಸಿಕ್ಕಿದ್ದು ಮಾಲೀಕರಿಗೆ, ಬಿಡುಗಡೆಯಾದವರಿಗಲ್ಲ. ಅವರು ಇನ್ನೂ ಹತ್ತು ವರ್ಷ ಕರಾರಿನ ಮೇಲೆ ದುಡಿಯಬೇಕಿತ್ತು. ಆ ಕಾಲದ ಡಚ್ ಖಜಾನೆ ತುಂಬುತ್ತಿದ್ದುದರಲ್ಲಿ ಡಚ್ಚರ ವಸಾಹತಾಗಿದ್ದ ಜಾವಾದ ರೈತರಿಂದ ಬಲವಂತವಾಗಿ ಬೆಳೆಸಿದ ಕಾಫಿ, ಸಕ್ಕರೆಯ ದುಡ್ಡು ದೊಡ್ಡ ಪಾಲು. ಅವನನ್ನು ಬೈಯಿರಿ ಅಂತ ಹೇಳುತ್ತಿಲ್ಲ. ಮುಚ್ಚಿಡಬೇಡಿ, ಅಷ್ಟೇ.

ಕೊನೆಯ ಪುಟ ಪೂರ್ತಿ ತೆಗೆದುಬಿಡಿ. 'ಅವರ ಆದರ್ಶ ಇಂದಿಗೂ ಪ್ರಸ್ತುತ' ಯಾರಿಗೂ ಬೇಡ. ಅದರ ಬದಲು ಅಲೆಟ್ಟಾ ಯಾಕೊಬ್ಸ್‌ಳನ್ನು ತನ್ನಿ. 1871ರಲ್ಲಿ ಈ ಹದಿನೇಳರ ಹುಡುಗಿ, ತನಗೆ ವಿಶ್ವವಿದ್ಯಾಲಯದಲ್ಲಿ ಓದಲು ಬಿಡಿ ಅಂತ ಆಗ ಮೂರನೇ ಸಲ ಸರ್ಕಾರ ನಡೆಸುತ್ತಿದ್ದ ಮುದುಕ ಟೋರ್ಬೆಕನಿಗೆ ಪತ್ರ ಬರೆದಳು. ಉತ್ತರ ಬಂತು, ಆದರೆ ಅವಳ ಹೆಸರಿಗಲ್ಲ, ಅಪ್ಪನ ಹೆಸರಿಗೆ. ಒಂದು ವರ್ಷ ನೋಡೋಣ ಅಂತ ಒಪ್ಪಿಗೆ. ಮರುವರ್ಷ ಜೂನ್ 4ಕ್ಕೆ ಟೋರ್ಬೆಕ ತೀರಿಕೊಂಡ. ಅವಳು ದೇಶದ ಮೊದಲ ಮಹಿಳಾ ಡಾಕ್ಟರ್ ಆದಳು. 1883ರಲ್ಲಿ, ನಾನೂ ಸಾಕಷ್ಟು ತೆರಿಗೆ ಕಟ್ಟುತ್ತೇನೆ, ಕಾನೂನಿನಲ್ಲಿ ಗಂಡಸು ಅಂತ ಎಲ್ಲೂ ಬರೆದಿಲ್ಲವಲ್ಲ, ಮತ ಕೊಡಿ ಅಂತ ಕೇಳಿದಳು. ಕೊಡಲಿಲ್ಲ. 1887ರಲ್ಲಿ ಸಂವಿಧಾನ ತಿದ್ದಿ 'ಗಂಡಸು' ಅಂತ ಸೇರಿಸಿದರು.

ಸಣ್ಣಪುಟ್ಟವು: ಅವನ ಹೆಸರನ್ನು ಥೋರ್ಬೆಕ್, ತೊರ್ಬೆಕೆ, ಟಾರ್ಬೆಕ್ ಅಂತ ಮೂರು ಥರ ಬರೆದಿದ್ದೀರಿ. ಡಚ್ಚರ ಬಾಯಲ್ಲಿ ಅದು ಹೆಚ್ಚುಕಡಿಮೆ ಟೋರ್ಬೆಕ, ಅದನ್ನೇ ಇಟ್ಟುಕೊಳ್ಳಿ. ಜ್ವೊಲೆ ಇರುವುದು ಓವರ್‌ಐಸೆಲ್ ಪ್ರಾಂತ್ಯದಲ್ಲಿ, ಹಾಲೆಂಡ್‌ನಲ್ಲಿ ಅಲ್ಲ, ಹಾಲೆಂಡ್ ಅಂದರೆ ಇಡೀ ದೇಶವಲ್ಲ, ಅದರ ಒಂದು ಭಾಗ, ಆದ್ದರಿಂದ 'ಹಾಲೆಂಡಿನ ಜ್ವೊಲೆ' ತಪ್ಪು. ಎರಡು ಸಾವಿರ ಪದ ದಾಟಬೇಡಿ. ಮತ್ತೆ ಕಳಿಸುವಾಗ ದಯವಿಟ್ಟು 'ನುಡಿ' ತಂತ್ರಾಂಶದಲ್ಲಿ ಬೇಡ, ಯೂನಿಕೋಡ್‌ನಲ್ಲಿ ಕಳಿಸಿ. ಹೋದ ಸಲ ಒತ್ತಕ್ಷರಗಳೆಲ್ಲ ಚದುರಿ, ಅರ್ಧ ದಿನ ಅದನ್ನು ಸರಿ ಮಾಡುವುದರಲ್ಲೇ ಹೋಯಿತು.