ಸ್ಪ್ರೇಯರ್ ಕಟ್ಟಿಕೊಂಡಿದೆ, ಎಲ್ಲಿಂದ ಬಿಚ್ಚಲಿ?

ಪ್ರಶ್ನೆ: ಬೆನ್ನಿಗೆ ಹಾಕಿಕೊಳ್ಳುವ 16 ಲೀಟರ್‌ನ ಕೈಪಂಪಿನ ಸ್ಪ್ರೇಯರ್ ಇದೆ. ನೀರಲ್ಲಿ ಕಲಸುವ ಪುಡಿ ಔಷಧಿ ಹೊಡೆಯುತ್ತಿದ್ದೆ. ಮೊದಲ ಟ್ಯಾಂಕ್ ಚೆನ್ನಾಗಿ ಬಂತು. ಎರಡನೆಯದು ಅರ್ಧ ಆಗುವಷ್ಟರಲ್ಲಿ ಮಂಜಿನ ಹಾಗೆ ಬರುತ್ತಿದ್ದದ್ದು ಸಣ್ಣ ಧಾರೆಯಾಯಿತು, ಆಮೇಲೆ ಬರೀ ತೊಟ್ಟಿಕ್ಕತೊಡಗಿತು. ನಾಜಲ್ ಬಿಚ್ಚಿ ಪಿನ್ನಿಂದ ಚುಚ್ಚಿದೆ, ಬಾಯಿಂದ ಊದಿದೆ. ಎರಡು ನಿಮಿಷ ಸರಿಹೋಗಿ ಮತ್ತೆ ಅದೇ ಕಥೆ. ಹೊಸ ನಾಜಲ್ ಹಾಕಿದರೂ ಅಷ್ಟೇ. ಪಂಪೇ ಕೆಟ್ಟಿದೆಯಾ?

ಉತ್ತರ: ಮೊದಲು ಸ್ವಲ್ಪ ಬೈಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಔಷಧಿ ಹೊಡೆದ ನಾಜಲ್ಲನ್ನು ಬಾಯಿಗಿಟ್ಟು ಊದುವುದು ಎಂದರೆ ವಿಷ ನೆಕ್ಕಿದ ಹಾಗೆಯೇ. ಎಷ್ಟು ತೊಳೆದಿದ್ದರೂ ಬೇಡ. ಪಿನ್ನೂ ಬೇಡ. ನಾಜಲ್ಲಿನ ತೂತು ಅಳತೆ ಮಾಡಿ ಕೊರೆದದ್ದು, ಒಂದು ಸಲ ಉಕ್ಕಿನ ಮೊನೆ ಆಡಿದರೆ ಅಂಚು ಹರಿಯುತ್ತದೆ. ನಾನೂ ಹಿಂದೆ ಇದೇ ತಪ್ಪು ಮಾಡಿದ್ದೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ ಬಿದ್ದು, ದಪ್ಪ ಬಿದ್ದ ಕಡೆಯ ಎಲೆಗಳ ಅಂಚೆಲ್ಲ ಸುಟ್ಟು ಹೋಗಿತ್ತು, ಔಷಧಿಯೇ ಸರಿ ಇಲ್ಲ ಅಂತ ವಾರವಿಡೀ ಬೈದುಕೊಂಡಿದ್ದೆ.

ಈಗ ನಿಮ್ಮ ಪ್ರಶ್ನೆ. ಏನನ್ನೂ ಬಿಚ್ಚುವ ಮೊದಲು ಪಂಪಿನ ಹಿಡಿಯನ್ನು ನಾಲ್ಕೈದು ಸಲ ಆಡಿಸಿ ನೋಡಿ. ಎಲ್ಲಿ ಕಟ್ಟಿದೆ ಅಂತ ಹಿಡಿಯೇ ಹೇಳುತ್ತದೆ. ಹಿಡಿ ಗಟ್ಟಿಯಾಗಿ ನಿಂತು, ಟ್ರಿಗರ್ ಒತ್ತಿದರೂ ಹೊರಗೆ ಏನೂ ಬರದಿದ್ದರೆ ಪಂಪು ಚೆನ್ನಾಗಿಯೇ ಇದೆ ಎಂದರ್ಥ, ಅಡ್ಡಿ ಇರುವುದು ಪಂಪಿನಿಂದ ಮುಂದೆ, ಅಂದರೆ ಪೈಪ್, ಟ್ರಿಗರ್, ಉದ್ದ ಕೊಳವೆ, ನಾಜಲ್ ಇವುಗಳಲ್ಲೆಲ್ಲೋ. ಹಿಡಿ ಸಡಿಲವಾಗಿ, ಗಾಳಿಯಲ್ಲಿ ಆಡಿಸಿದ ಹಾಗೆ ಹೋಗಿಬಂದರೆ ಪಂಪಿಗೆ ನೀರು ಸಿಗುತ್ತಿಲ್ಲ, ಇಲ್ಲವೇ ಒಳಗಿನ ವಾಷರ್ ಒಣಗಿ ಸವೆದಿದೆ, ಅಥವಾ ವಾಲ್ವಿನಲ್ಲಿ ಕಸ ಸಿಕ್ಕಿಕೊಂಡು ಅದು ಮುಚ್ಚಿಕೊಳ್ಳುತ್ತಿಲ್ಲ.

ಹೊಸ ನಾಜಲ್ ಹಾಕಿದರೂ ಅದೇ ಕಥೆ ಅಂದಿರಲ್ಲ, ಅದರಿಂದ ನನಗೆ ಅನುಮಾನ ಬರುವುದು ಟ್ರಿಗರಿನ ಹಿಡಿಕೆಯ ಒಳಗಿನ ಜಾಲರಿ ಮೇಲೆ. ತುಂಬಾ ಜನಕ್ಕೆ ಅಲ್ಲೊಂದು ಜಾಲರಿ ಇದೆ ಅಂತಲೇ ಗೊತ್ತಿರುವುದಿಲ್ಲ! ಕೈಯಲ್ಲಿ ಹಿಡಿಯುವ ಭಾಗವನ್ನು ತಿರುಗಿಸಿ ಬಿಚ್ಚಿದರೆ ಬೆರಳುದ್ದದ ಒಂದು ಕೊಳವೆಯಂಥ ಜಾಲರಿ ಜಾರಿ ಹೊರಬರುತ್ತದೆ (ಕೆಲವು ಮಾದರಿಗಳಲ್ಲಿ ಇರುವುದಿಲ್ಲ, ಆಗ ನಾಜಲ್ ಹಿಂದೆ ಮಾತ್ರ ಒಂದು ಚಿಕ್ಕದು ಇರುತ್ತದೆ). ಪುಡಿ ಔಷಧಿ ಹೊಡೆದವರ ಜಾಲರಿ ನೋಡಬೇಕು, ಗೋಡೆಗೆ ಬಳಿಯುವ ಪುಟ್ಟಿ ಮೆತ್ತಿದ ಹಾಗಿರುತ್ತದೆ, ಕಣ್ಣುಗಳೇ ಕಾಣುವುದಿಲ್ಲ. ನೀವು ನಾಜಲ್ ಬಿಚ್ಚಿ ಹಾಕಿದಾಗ ಮೆತ್ತಿದ್ದು ಸ್ವಲ್ಪ ಅಲುಗಾಡಿ ಎರಡು ನಿಮಿಷ ದಾರಿ ಬಿಡುತ್ತದೆ, ಆಮೇಲೆ ಮತ್ತೆ ಮೆತ್ತಿಕೊಳ್ಳುತ್ತದೆ.

ಬಿಚ್ಚುವ ಮೊದಲು ಕೈಗವಸು, ಕನ್ನಡಕ ಹಾಕಿಕೊಳ್ಳಿ. ಪಂಪ್ ಮಾಡುವುದನ್ನು ನಿಲ್ಲಿಸಿ, ನಾಜಲ್ ಟ್ಯಾಂಕಿನ ಒಳಗೇ ಇರುವ ಹಾಗೆ ಹಿಡಿದು ಟ್ರಿಗರ್ ಒತ್ತಿ, ಒಳಗಿನ ಒತ್ತಡ ಬಿಡಿ. ದಾರಿ ಪೂರ್ತಿ ಕಟ್ಟಿದ್ದರೆ ಹೀಗೆ ಮಾಡಿದರೂ ಒತ್ತಡ ಇಳಿಯುವುದಿಲ್ಲ. ಆಗ ಜೋಡಣೆಗೆ ಹಳೇ ಬಟ್ಟೆ ಸುತ್ತಿ, ಮುಖ ಆ ಕಡೆ ತಿರುಗಿಸಿಕೊಂಡು ನಿಧಾನವಾಗಿ ಸಡಿಲಿಸಿ. ಇದೇನು ಅತಿಯಾದ ಎಚ್ಚರಿಕೆ ಅನ್ನಬೇಡಿ. ಕಟ್ಟಿಕೊಂಡ ಸ್ಪ್ರೇಯರ್ ಪಂಪ್ ಮಾಡಿ ಮಾಡಿ ಒತ್ತಡ ತುಂಬಿಸಿಟ್ಟವರು ನೀವೇ ಅಲ್ವಾ, ಅದು ಮುಖಕ್ಕೇ ಹಾರುತ್ತದೆ.

ಆಮೇಲೆ ತುದಿಯಿಂದ ಹಿಂದಕ್ಕೆ ಬನ್ನಿ. ಔಷಧಿಯನ್ನು ಬೇರೆ ಪಾತ್ರೆಗೆ ತೆಗೆದು ಟ್ಯಾಂಕಿಗೆ ಬರೀ ನೀರು ಹಾಕಿ. ನಾಜಲ್ ತೆಗೆದು ಪಂಪ್ ಮಾಡಿ: ದಪ್ಪ ಧಾರೆ ಬಂತಾ? ಹಾಗಾದರೆ ದೋಷ ನಾಜಲ್ಲಿನದೇ. ಬರಲಿಲ್ಲವಾ, ಒತ್ತಡ ಬಿಟ್ಟು ಉದ್ದ ಕೊಳವೆ ತೆಗೆಯಿರಿ. ಆಗಲೂ ಬರದಿದ್ದರೆ ಹಿಡಿಕೆಯ ಜಾಲರಿ. ಅಲ್ಲೂ ಇಲ್ಲದಿದ್ದರೆ ಪೈಪ್, ಅದು ಟ್ಯಾಂಕಿನ ಹತ್ತಿರ ಮಡಚಿಕೊಂಡಿದೆಯಾ ಅಂತಲೂ ನೋಡಿ. ಎಲ್ಲಿ ಧಾರೆ ಜೋರಾಗಿ ಬರುತ್ತದೋ, ಈಗಷ್ಟೇ ತೆಗೆದ ಭಾಗದಲ್ಲಿ ಕಸ ಇದೆ.

ತೊಳೆಯುವುದಕ್ಕೆ ಉಗುರು ಬೆಚ್ಚಗಿನ ಸೋಪಿನ ನೀರು, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಕುದಿಯುವ ನೀರಿಗೆ ಹಾಕಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ನಾಜಲ್ಲಿನ ತುದಿಯನ್ನು ನಲ್ಲಿಗೆ ಉಲ್ಟಾ ಹಿಡಿಯಿರಿ, ಕಸ ಬಂದ ದಾರಿಯಲ್ಲೇ ವಾಪಸ್ ಹೋಗಲಿ. ಬಿಳೀ ಸುಣ್ಣದಂಥ ಪದರ ಗಟ್ಟಿಯಾಗಿದ್ದರೆ, ಔಷಧಿಯೆಲ್ಲ ತೊಳೆದು ಹೋದ ಮೇಲೆ ಅರ್ಧ ಗಂಟೆ ವಿನೆಗರ್‌ನಲ್ಲಿ ನೆನೆಸಿ. ಆದರೆ ಬ್ಲೀಚ್ ಮುಟ್ಟಿದ ವಸ್ತುವಿಗೆ ವಿನೆಗರ್ ಸೇರಿಸಲೇಬೇಡಿ, ಕೆಟ್ಟ ಗಾಳಿ ಏಳುತ್ತದೆ. ಮತ್ತೆ ಜೋಡಿಸುವಾಗ ನಾಜಲ್ ಒಳಗಿನ ಓರೆ ಗೀರುಗಳಿರುವ ಸಣ್ಣ ಬಿಲ್ಲೆ ಮರೆಯಬೇಡಿ. ಔಷಧಿಯನ್ನು ಗಿರಗಿರ ತಿರುಗಿಸಿ ಮಂಜು ಮಾಡುವುದೇ ಅದು, ಇಲ್ಲದಿದ್ದರೆ ನೆಟ್ಟಗೆ ಧಾರೆ ಹೊಡೆಯುತ್ತದೆ.

ಇಷ್ಟೆಲ್ಲ ಮಾಡಿದರೂ ಮುಂದಿನ ಟ್ಯಾಂಕಿಗೆ ಮತ್ತೆ ಕಟ್ಟಿದರೆ ತಪ್ಪು ಬಕೆಟ್ಟಿನಲ್ಲಿದೆ. ಪುಡಿಯನ್ನು ನೇರವಾಗಿ ಟ್ಯಾಂಕಿಗೆ ಸುರಿಯುತ್ತೀರಾ? ಮೊದಲು ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ, ಗಂಟಿಲ್ಲದ ಹಾಗೆ ಕೋಲಿನಿಂದ ತೆಳ್ಳಗೆ ಕಲಸಿ, ಅರ್ಧ ತುಂಬಿದ ಟ್ಯಾಂಕಿಗೆ ಬಟ್ಟೆಯಲ್ಲಿ ಸೋಸಿ ಹಾಕಿ, ಉಳಿದ ನೀರು ಆಮೇಲೆ. ಪುಡಿ ಕರಗುವುದಿಲ್ಲ, ಬರೀ ತೇಲುತ್ತಿರುತ್ತದೆ. ಹತ್ತು ನಿಮಿಷ ಸುಮ್ನೆ ನಿಂತರೆ ಗಸಿ ತಳಕ್ಕೆ ಕೂರುತ್ತದೆ, ಹಾಗಾಗಿ ಹೊಡೆಯುವಾಗ ಆಗಾಗ ಬೆನ್ನು ಅಲುಗಿಸಿ. ಇನ್ನೊಂದು, ಜಾಲರಿ ಹೆಚ್ಚು ಸಣ್ಣದಿದ್ದಷ್ಟೂ ಒಳ್ಳೆಯದು ಅಂತಲ್ಲ. ಪುಡಿ ಔಷಧಿಗೆ ಇಂಚಿಗೆ 50 ಕಣ್ಣಿನದು ಸರಿ, 100 ಕಣ್ಣಿನದು ಹಾಕಿದರೆ ಅದೇ ಕಟ್ಟಿಕೊಳ್ಳುತ್ತದೆ.

ಚುಚ್ಚಿದ ಆ ಹಳೇ ನಾಜಲ್ಲನ್ನು ಒಂದು ಸಲ ಅಳೆದು ನೋಡಿ. ಒಂದೇ ಒತ್ತಡದಲ್ಲಿ ಹೊಸದು ನಿಮಿಷಕ್ಕೆ 600 ಮಿಲಿ ಕೊಡುತ್ತಿದ್ದು, ಹಳೆಯದು 660 ದಾಟಿದರೆ ಎಸೆಯಿರಿ. ಶೇ. 10ಕ್ಕಿಂತ ಜಾಸ್ತಿ ಹರಿದರೆ ಅದು ಸವೆದ ನಾಜಲ್.

ಪ್ರಶ್ನೆ: ನನ್ನದು ಶುರುವಿನಲ್ಲಿ ಚೆನ್ನಾಗಿ ಹೊಡೆದು ಆಮೇಲೆ ಸೊರಗುತ್ತದೆ. ಮುಚ್ಚಳ ತೆಗೆದು ಹಾಕಿದರೆ ಮತ್ತೆ ಸರಿ. ಎಲ್ಲಾ ಬಿಚ್ಚಿ ತೊಳೆದಾಯಿತು.

ಉತ್ತರ: ಉತ್ತರ ನೀವೇ ಬರೆದಿದ್ದೀರಿ, ಮುಚ್ಚಳ! ಅದರಲ್ಲೊಂದು ಸಣ್ಣ ಗಾಳಿತೂತು ಇದೆ, ಅದರ ಮೇಲೆ ರಬ್ಬರ್ ಬಿಲ್ಲೆ. ಔಷಧಿ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ರಬ್ಬರ್ ಅಂಟಿಕೊಂಡರೆ ಗಾಳಿ ಬರುವುದಿಲ್ಲ, ಪಂಪು ಎಳೆದರೂ ನೀರು ಏಳುವುದಿಲ್ಲ. ಮುಚ್ಚಳ ತೆಗೆಯುವಾಗ "ಸುಸ್" ಅಂತ ಗಾಳಿ ಒಳಗೆ ಎಳೆದುಕೊಳ್ಳುತ್ತದಾ, ಟ್ಯಾಂಕಿನ ಪಕ್ಕ ಒಳಕ್ಕೆ ಹೋಗಿರುತ್ತದಾ ನೋಡಿ. ರಬ್ಬರ್ ತೆಗೆದು ತೊಳೆದು ಹಾಕಿ. ಹರಿದಿದ್ದರೆ ಬದಲಿಸಿ, ಇಲ್ಲದಿದ್ದರೆ ಬಗ್ಗಿದಾಗ ಔಷಧಿ ಬೆನ್ನಿಗೆ ಇಳಿಯುತ್ತದೆ.

ಪ್ರಶ್ನೆ: ಬೋರ್ಡೋ ದ್ರಾವಣ ಹೊಡೆದರೆ ಮಾತ್ರ ಪ್ರತಿ ಸಲ ನಾಜಲ್ ಕಟ್ಟುತ್ತದೆ. ಬೇರೆ ಯಾವುದಕ್ಕೂ ಈ ತೊಂದರೆ ಇಲ್ಲ.

ಉತ್ತರ: ಬೋರ್ಡೋ ಅಂದರೆ ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ ಸೇರಿಸಿ ಮಾಡುವ ರೋಗದ ಔಷಧಿ, ಸುಣ್ಣ ಇರುವಲ್ಲಿ ಗಸಿ ಇದ್ದದ್ದೇ. ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲಿ ಅಂತ ರಸ್ತೆಬದಿಯ ಬಳ್ಳಿಗಳಿಗೆ ಬಳಿದ ನೀಲಿ ಮಿಶ್ರಣದಿಂದ ಇದು ಹುಟ್ಟಿತು. ಅಲ್ಲಿ ರೋಗ ಕಡಿಮೆ ಇದ್ದದ್ದನ್ನು ಸಸ್ಯಶಾಸ್ತ್ರಜ್ಞ ಮಿಲಾರ್ಡೆ ಗಮನಿಸಿ 1885ರಲ್ಲಿ ಪ್ರಕಟಿಸಿದರು. ಹಾಗೆ ಬಳಿದವರಿಗೆ ಗಂಟಿದ್ದರೂ ಏನಾಗಬೇಕು? ನಿಮಗೆ ಕೂದಲಿನಷ್ಟು ತೂತಿನಲ್ಲಿ ಅದನ್ನು ದಾಟಿಸಬೇಕು.

ಶೇ. 1ರ ದ್ರಾವಣಕ್ಕೆ, 10 ಲೀಟರ್ ಲೆಕ್ಕದಲ್ಲಿ, 100 ಗ್ರಾಂ ಮೈಲುತುತ್ತ, 100 ಗ್ರಾಂ ಒಳ್ಳೆಯ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ತಲಾ 5 ಲೀಟರ್ ನೀರಿನಲ್ಲಿ ಕಲಸಿ. ಸುಣ್ಣದ ನೀರನ್ನು ಎರಡು ಪದರ ಬಟ್ಟೆಯಲ್ಲಿ ಸೋಸಿ, ಹರಳು, ಮರಳು ಎಲ್ಲ ಅಲ್ಲೇ ಉಳಿಯಲಿ. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಿ. ಉಲ್ಟಾ ಮಾಡಬೇಡಿ, ದಪ್ಪ ಕಣಗಳಾಗಿ ಬೇಗ ತಳ ಸೇರುತ್ತದೆ. ಹೊಳೆಯುವ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ನೋಡಿ, ಮೇಲೆ ಕೆಂಪು ತಾಮ್ರದ ಬಣ್ಣ ಹತ್ತಿದರೆ ಇನ್ನೂ ಸ್ವಲ್ಪ ಸುಣ್ಣ ಬೇಕು. ಟ್ಯಾಂಕಿಗೆ ಹಾಕುವಾಗ ಮತ್ತೊಮ್ಮೆ ಸೋಸಿ. ಅದೇ ದಿನ ಮುಗಿಸಿ, ನಿನ್ನೆಯದನ್ನು ಕಲಕಿ ಹೊಡೆದರೆ ನಾಜಲ್ ಕಟ್ಟದೆ ಇನ್ನೇನಾಗುತ್ತದೆ?

ಪ್ರಶ್ನೆ: ಬ್ಯಾಟರಿ ಸ್ಪ್ರೇಯರ್. ಮೋಟಾರ್ ಕ್ಷಣ ಓಡಿ ನಿಲ್ಲುತ್ತದೆ, ಮತ್ತೆ ಓಡುತ್ತದೆ. ಬ್ಯಾಟರಿ ಹೋಯಿತಾ?

ಉತ್ತರ: ಬ್ಯಾಟರಿ ಅಲ್ಲ ಅನ್ನಿಸುತ್ತದೆ. ಒತ್ತಡ ಏರಿದಾಗ ಮೋಟಾರ್ ತಾನೇ ನಿಲ್ಲುವ ಸ್ವಿಚ್ ಒಳಗಿದೆ. ಮುಂದೆ ದಾರಿ ಕಟ್ಟಿದ್ದರೆ ಒತ್ತಡ ತಕ್ಷಣ ಏರುತ್ತದೆ, ಅದಕ್ಕೇ ಈ ಆಟ. ತೀರಾ ಸಣ್ಣ ತೂತಿನ ನಾಜಲ್ ಹಾಕಿದರೂ ಹೀಗಾಗಬಹುದು. ನಾಜಲ್ ತೆಗೆದು ಬರೀ ನೀರು ಓಡಿಸಿ: ಮೋಟಾರ್ ಒಂದೇ ಸಮನೆ ಓಡಿದರೆ ನಾಜಲ್ ತೊಳೆಯಿರಿ, ಮೇಲೆ ಹೇಳಿದ ಹಾಗೇ. ಮೋಟಾರ್ ನಿಲ್ಲದೆ ಗುಂಯ್ ಅಂದರೂ ನೀರೇ ಬರದಿದ್ದರೆ ಮಾತ್ರ ಬೇರೆ ಲೆಕ್ಕ, ಆಗ ಟ್ಯಾಂಕಿನ ತಳದ ಜಾಲರಿ, ಪಂಪಿಗೆ ಹೋಗುವ ಪೈಪಿನ ಬಿರುಕು ನೋಡಿ.