ಅಂಗಡಿ ಕಂಪ್ಯೂಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ದು ತಿಪಟೂರಲ್ಲಿ ಕೊಬ್ಬರಿ ವ್ಯಾಪಾರ. ಲೆಕ್ಕ ಎಲ್ಲಾ ಒಂದೇ ಕಂಪ್ಯೂಟರ್‌ನಲ್ಲಿ ಟ್ಯಾಲಿಲಿದೆ. ದಿನಾ ಪೆನ್‌ಡ್ರೈವ್‌ಗೆ ಬ್ಯಾಕಪ್ ತಗೊಳ್ತೀವಿ, ಹಾಕಿ ತೆಗೆಯೋ ತಾಪತ್ರಯ ಬೇಡ ಅಂತ ಪೆನ್‌ಡ್ರೈವ್ ಅಲ್ಲೇ ಚುಚ್ಚಿರತ್ತೆ. ಮಗ ಕ್ಲೌಡ್‌ಗೆ ಹಾಕಿ ಅಂತಿದಾನೆ. ಇಷ್ಟು ಸಾಲಲ್ವಾ ಸರ್?

ಉತ್ತರ: ದಿನಾ ತಗೊಳ್ತೀರಲ್ಲ, ಅದಕ್ಕೇ ಮೊದಲು ಶಭಾಷ್, ಎಷ್ಟೋ ಅಂಗಡಿಲಿ ಅದೂ ಇಲ್ಲ. ಆದ್ರೆ ಪೆನ್‌ಡ್ರೈವ್ ಅಲ್ಲೇ ಇದ್ರೆ ಅದನ್ನ ಬ್ಯಾಕಪ್ ಅಂತ ನಂಬ್ಕೊಂಡು ಕೂರೋ ಹಾಗಿಲ್ಲ. ರ‍್ಯಾನ್ಸಮ್‌ವೇರ್ ಅಂತ ಒಂದು ಜಾತಿ ವೈರಸ್ ಇದೆ, ಫೈಲುಗಳಿಗೆಲ್ಲ ಬೀಗ ಜಡಿದು ದುಡ್ಡು ಕೊಟ್ರೆ ಬಿಚ್ತೀವಿ ಅನ್ನತ್ತೆ, ಅದು ಬಂದಾಗ ಸಿ ಡ್ರೈವ್, ಡಿ ಡ್ರೈವ್ ಜೊತೆಗೆ ಚುಚ್ಚಿರೋ ಪೆನ್‌ಡ್ರೈವನ್ನೂ ಬಿಡಲ್ಲ. ಸಿಡಿಲು ಹೊಡೆದ್ರೂ ಅಷ್ಟೇ, ರಾತ್ರಿ ಕಳ್ಳ ಬಂದು ಕಂಪ್ಯೂಟರ್ ಹೊತ್ಕೊಂಡು ಹೋದ್ರೂ ಅಷ್ಟೇ, ಎರಡೂ ಒಟ್ಟಿಗೇ ಹೋಗತ್ತೆ.

ಹೀಗೆ ಮಾಡಿ. ಎರಡು ಪೆನ್‌ಡ್ರೈವ್ ಇಟ್ಕೊಳ್ಳಿ, ಒಂದಿನ ಇದು ಒಂದಿನ ಅದು. ಸಂಜೆ ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಜೊತೆ ವೈ ಒತ್ತಿದ್ರೆ ಬ್ಯಾಕಪ್ ಅಂತ ಬರತ್ತೆ, ತಗೊಂಡ್ಮೇಲೆ ಕಿತ್ತು ಜೇಬಿಗೆ ಹಾಕ್ಕೊಂಡು ಮನೆಗೆ ಹೋಗಿ. ಮಗ ಹೇಳಿದ್ದೂ ಸರೀನೇ, ಕ್ಲೌಡ್ ಅಂದ್ರೆ ಇಂಟರ್ನೆಟ್ ಮೂಲಕ ಫೈಲ್ ಇಡೋ ಜಾಗ, ಗೂಗಲ್ ಡ್ರೈವ್‌ನಲ್ಲಿ 15 ಜಿಬಿ ತನಕ ಫ್ರೀ ಇದೆ, ವಾರಕ್ಕೊಂದ್ಸಲ ಅದೇ ಬ್ಯಾಕಪ್ ಫೈಲನ್ನ ಅಲ್ಲೂ ಏರಿಸಿ. ಆದ್ರೆ ಟ್ಯಾಲಿ ಓಡ್ತಾ ಇರೋ ಡೇಟಾ ಫೋಲ್ಡರನ್ನೇ ಕ್ಲೌಡ್ ಜೊತೆ ಸಿಂಕ್‌ಗೆ, ಅಂದ್ರೆ ತಾನೇ ತಾನಾಗಿ ನಕಲಾಗ್ತಾ ಇರೋಕೆ, ಬಿಡಬೇಡಿ, ನೀವು ಎಂಟ್ರಿ ಹಾಕ್ತಿರೋವಾಗ್ಲೇ ಅದು ಫೈಲ್ ಎಳೆಯೋಕೆ ಹೋಗಿ ಡೇಟಾ ಕೆಡೋ ಸಾಧ್ಯತೆ ಇದೆ.

ಇನ್ನೊಂದು, ಇದನ್ನ ಮಾಡೋರೇ ಕಮ್ಮಿ: ತಿಂಗಳಿಗೊಂದ್ಸಲ ಆ ಬ್ಯಾಕಪ್ಪನ್ನ ವಾಪಸ್ ರಿಸ್ಟೋರ್ ಮಾಡಿ ನೋಡಿ, ನಿನ್ನೆಯ ಕೊನೇ ಬಿಲ್ ನಂಬರ್ ಕಾಣ್ತಾ ಅಂತ. ರಿಸ್ಟೋರ್ ಮಾಡೋವಾಗ ಬೇರೆ ಫೋಲ್ಡರ್ ಕೊಡಿ, ಇಲ್ಲಾ ಬೇರೆ ಕಂಪ್ಯೂಟರ್‌ನಲ್ಲಿ ಮಾಡಿ, ಅದೇ ಜಾಗಕ್ಕೆ ಕೊಟ್ರೆ ಇವತ್ತಿನ ಲೆಕ್ಕದ ಮೇಲೆ ಹಳೇದು ಕೂತ್ಕೊಂಡು ಇವತ್ತಿನದು ಮಾಯ. ಜಿಎಸ್‌ಟಿ ಕಾನೂನು ಪ್ರಕಾರ ಲೆಕ್ಕಪತ್ರನ ಆಯಾ ವರ್ಷದ ವಾರ್ಷಿಕ ರಿಟರ್ನ್ ಕೊಡೋ ಕೊನೇ ದಿನದಿಂದ 72 ತಿಂಗಳು ಇಟ್ಕೊಳ್ಳಲೇಬೇಕು, ಹಾರ್ಡ್‌ಡಿಸ್ಕ್ ಹೋಯ್ತು ಸಾರ್ ಅಂದ್ರೆ ಅಧಿಕಾರಿಗಳು ಕೇಳಲ್ಲ.

ಪ್ರಶ್ನೆ: ಬೆಂಗಳೂರಲ್ಲಿ ಚಿಕ್ಕ ಪ್ರಾವಿಷನ್ ಸ್ಟೋರ್ ಇಟ್ಟಿದೀವಿ. 2025ರ ಜುಲೈನಲ್ಲಿ ಯುಪಿಐ ನೋಡಿ ಜಿಎಸ್‌ಟಿ ನೋಟಿಸ್ ಕೊಟ್ರಲ್ಲ, ಆಗ ಹೆದರ್ಕೊಂಡು ಕ್ಯೂಆರ್ ತೆಗೆದು ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದ್ವಿ. ಗಿರಾಕಿಗಳು ಪಕ್ಕದಂಗಡಿಗೆ ಹೋಗ್ತಿದಾರೆ. ವಾಪಸ್ ಹಾಕ್ಲಾ?

ಉತ್ತರ: ಹಾಕಿ ಮೇಡಂ, ಇವತ್ತೇ ಹಾಕಿ. ಜಿಎಸ್‌ಟಿ ಲೆಕ್ಕ ಯುಪಿಐ ಮೇಲೆ ಮಾತ್ರ ಅಲ್ಲ, ಕ್ಯಾಶು, ಕಾರ್ಡು, ಉದ್ರಿ ಎಲ್ಲಾ ಸೇರಿ ಒಟ್ಟು ವಹಿವಾಟಿನ ಮೇಲೆ. ಸಾಮಾನು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ, ಅದು ದಾಟಿದ್ರೆ ನೋಂದಣಿ. 40 ಲಕ್ಷ ಅಂದ್ರೆ ದಿನಕ್ಕೆ ಸುಮಾರು 11 ಸಾವಿರ ವ್ಯಾಪಾರ, ದೊಡ್ಡ ಮೊತ್ತ ಅಂತ ಅಂದ್ಕೋಬೇಡಿ, ಬೆಂಗಳೂರಲ್ಲಿ ಒಂದು ಮೂಲೆ ಅಂಗಡಿಗೆ ಅದು ಆರಾಮಾಗಿ ಆಗತ್ತೆ. ಹಾಲು, ತರಕಾರಿಗೆ ತೆರಿಗೆ ಇಲ್ಲ ನಿಜ, ಆದ್ರೆ ಜೊತೆಗೆ ಸೋಪು ಬಿಸ್ಕೆಟ್ಟೂ ಮಾರ್ತೀರಿ ಅಂದ್ರೆ ಆ ಹಾಲಿನ ದುಡ್ಡೂ 40 ಲಕ್ಷದ ಲೆಕ್ಕಕ್ಕೆ ಸೇರತ್ತೆ, ತುಂಬಾ ಜನ ಎಡವಿದ್ದು ಇಲ್ಲೇ.

ಕ್ಯೂಆರ್‌ಗೆ ಅಂಗಡಿದೇ ಬೇರೆ ಅಕೌಂಟ್ ಮಾಡಿ. ತಂಗಿ ಕಳ್ಸಿದ ಸಾಲ, ಚೀಟಿ ದುಡ್ಡು ಎಲ್ಲಾ ಅದೇ ಅಕೌಂಟಿಗೆ ಬಂದ್ರೆ ನೋಡೋರಿಗೆ ಅಷ್ಟೂ ವ್ಯಾಪಾರದ ಹಾಗೇ ಕಾಣತ್ತೆ, ಆಮೇಲೆ ಒಂದೊಂದಕ್ಕೂ ಪ್ರೂಫ್ ಹುಡುಕ್ತಾ ಕೂರ್ಬೇಕು. ಸಾಫ್ಟ್‌ವೇರ್ ಕೊಳ್ಳೋದು ಆಮೇಲೆ ನೋಡೋಣ, ಸದ್ಯಕ್ಕೆ ಮೊಬೈಲ್‌ನಲ್ಲೇ ಒಂದು ಶೀಟ್ ಮಾಡಿ ದಿನಾಂಕ, ಕ್ಯಾಶ್, ಯುಪಿಐ, ಉದ್ರಿ ಅಂತ ನಾಲ್ಕು ಕಾಲಂ ಹಾಕಿ, ಅಂಗಡಿ ಬಾಗಿಲು ಹಾಕೋ ಮುಂಚೆ ತುಂಬಿಸಿ. 40 ಲಕ್ಷದ ಹತ್ರ ಬರ್ತಿದೀರಾ ಅಂತ ನಿಮಗೇ ಗೊತ್ತಾಗತ್ತೆ. ದಾಟಿದ್ರೂ ಗಾಬರಿ ಬೇಡ, ಒಂದೂವರೆ ಕೋಟಿ ತನಕ ಕಾಂಪೊಸಿಷನ್ ಸ್ಕೀಮ್ ಇದೆ, ಅಂದ್ರೆ ವಹಿವಾಟಿನ ಮೇಲೆ ಒಂದೇ ಸಣ್ಣ ದರದಲ್ಲಿ ತೆರಿಗೆ ಕಟ್ಟೋ ಯೋಜನೆ, ವ್ಯಾಪಾರಿಗಳಿಗೆ 1 ಪರ್ಸೆಂಟ್, ನಿಮ್ಮ ಆಡಿಟರ್ ಹತ್ರ ಒಂದ್ಸಲ ಕೂತು ಮಾತಾಡಿ.

ಪ್ರಶ್ನೆ: ಧಾರವಾಡದಾಗ ಮನ್ಯಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರ್ತೀವ್ರಿ. ಯಾರೋ ಮಿಲಿಟರಿ ಆಫೀಸರ್ ಅಂತ ಫೋನ್ ಮಾಡಿ ಐನೂರು ರೊಟ್ಟಿ ಬೇಕು, ಅಡ್ವಾನ್ಸ್ ಹಾಕ್ತೀನಿ ಅಂತ ಕ್ಯೂಆರ್ ಕಳ್ಸ್ಯಾನ. ಸ್ಕ್ಯಾನ್ ಮಾಡ್ಲ್ಯಾ?

ಉತ್ತರ: ಬ್ಯಾಡ್ರಿ ಅಕ್ಕಾರ! ಮಿಲಿಟರಿ ಹೆಸರು ಹೇಳ್ಕೊಂಡು ಮಾಡೋ ಈ ಮೋಸ ಹಳೇದು. ದುಡ್ಡು ಬರೋಕೆ ನೀವು ಸ್ಕ್ಯಾನೂ ಮಾಡ್ಬೇಕಾಗಿಲ್ಲ, ಪಿನ್ನೂ ಒತ್ಬೇಕಾಗಿಲ್ಲ, ಪಿನ್ ಒತ್ತಿದ್ರಿ ಅಂದ್ರೆ ದುಡ್ಡು ನಿಮ್ಮ ಕಡೆಯಿಂದಾನೇ ಹೋಗತ್ತೆ. ಅವನಿಗೆ ನಿಜವಾಗ್ಲೂ ರೊಟ್ಟಿ ಬೇಕಿದ್ರೆ ನಿಮ್ಮ ಕ್ಯೂಆರ್‌ಗೆ ಅವನು ಹಾಕ್ಲಿ. ಪೇಮೆಂಟ್ ಆಯ್ತು ಅಂತ ಸ್ಕ್ರೀನ್‌ಶಾಟ್ ಕಳ್ಸಿದ್ರೂ ನಂಬಬೇಡಿ, ಅಂಥಾ ಚಿತ್ರ ಮಾಡಿಕೊಡೋ ನಕಲಿ ಆ್ಯಪ್‌ಗಳೇ ಇದಾವೆ, ನಿಮ್ಮ ಬ್ಯಾಂಕ್ ಬ್ಯಾಲೆನ್ಸ್ ನೋಡಿ ಆಮೇಲೆ ಡಬ್ಬಿ ಕೊಡಿ. ಅಕಸ್ಮಾತ್ ದುಡ್ಡು ಹೋಗೇಬಿಟ್ರೆ ನಾಚ್ಕೊಂಡು ಕೂರಬೇಡಿ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಟ್ರಾನ್ಸಾಕ್ಷನ್ ನಂಬರ್ ಕೈಲಿರ್ಲಿ, ಬೇಗ ಹೇಳಿದಷ್ಟೂ ಆ ದುಡ್ಡನ್ನ ತಡೆಹಿಡಿಯೋ ಸಾಧ್ಯತೆ ಜಾಸ್ತಿ.

ಪ್ರಶ್ನೆ: ಚಿಕ್ಕಮಗಳೂರು ಹತ್ರ ನಮ್ಮ ಹೋಮ್‌ಸ್ಟೇ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಈಗ ಫೋನೇ ಎತ್ತಲ್ಲ, ಡೊಮೈನ್, ಗೂಗಲ್ ಮ್ಯಾಪ್ ಪೇಜು ಎಲ್ಲಾ ಅವನ ಮೇಲ್ ಐಡಿಲೇ ಇದೆಯಂತೆ.

ಉತ್ತರ: ನಿಮ್ಮೊಬ್ಬರ ಕಥೆ ಅಲ್ಲ ಇದು. ಗೂಗಲ್ ಮ್ಯಾಪ್‌ದು ಸುಲಭ, ನಿಮ್ಮ ಮೇಲ್ ಐಡಿಯಿಂದ ಆ ಪೇಜಿನ ಮಾಲೀಕತ್ವ ಬೇಕು ಅಂತ ಅರ್ಜಿ ಹಾಕೋ ಸೌಲಭ್ಯ ಅಲ್ಲೇ ಇದೆ, ಈಗಿನ ಮಾಲೀಕನಿಗೆ ಉತ್ತರ ಕೊಡೋಕೆ 3 ದಿನ ಟೈಮ್ ಇರತ್ತೆ, ಅವನು ಸುಮ್ನಿದ್ರೆ ನೀವೇ ವೆರಿಫೈ ಮಾಡಿ ತಗೊಳ್ಳೋಕೆ ಅವಕಾಶ ಸಿಗಬಹುದು. ಡೊಮೈನ್, ಅಂದ್ರೆ ವೆಬ್‌ಸೈಟಿನ ವಿಳಾಸದ ಹೆಸರು, ಅದು ಮಾತ್ರ ಕಷ್ಟ, ಯಾರ ಹೆಸರಲ್ಲಿ ರಿಜಿಸ್ಟರ್ ಆಗಿದ್ಯೋ ಅವರದ್ದೇ ಮಾತು. ಜಗಳ ಆಡಬೇಡಿ, ಬಾಕಿ ದುಡ್ಡೇನಾದ್ರೂ ಇದ್ರೆ ಕೊಟ್ಟು ಟ್ರಾನ್ಸ್‌ಫರ್ ಕೋಡ್ ಇಸ್ಕೊಳ್ಳಿ, ಆ ಕೋಡ್ ಇದ್ರೆ ಬೇರೆ ಕಂಪನಿಗೆ ನಿಮ್ಮ ಹೆಸರಲ್ಲೇ ತಂದ್ಕೋಬಹುದು. ಅವನು ಸಿಗ್ಲೇ ಇಲ್ಲ ಅಂದ್ರೆ ಹೊಸ ಡೊಮೈನ್ ಹೆಸರು ತಗೊಂಡು ಬೋರ್ಡು, ವಿಸಿಟಿಂಗ್ ಕಾರ್ಡು, ಇನ್‌ಸ್ಟಾಗ್ರಾಮ್ ಎಲ್ಲಾ ಕಡೆ ಬದಲಾಯಿಸೋದೇ ಕಮ್ಮಿ ಖರ್ಚು ಅಂತ ನನ್ನ ಅಭಿಪ್ರಾಯ. ಈ ಸಲ ಹೋಮ್‌ಸ್ಟೇಗೇ ಅಂತ ಒಂದು ಮೇಲ್ ಐಡಿ ಮಾಡಿ, ಟೂ ಸ್ಟೆಪ್ ವೆರಿಫಿಕೇಷನ್ ಹಾಕಿ, ಓಟಿಪಿ ಬರೋ ಸಿಮ್ ನಿಮ್ಮ ಹೆಸರಲ್ಲಿರ್ಲಿ, ಮ್ಯಾನೇಜರ್ ಹೆಸರಲ್ಲಲ್ಲ.

ಪ್ರಶ್ನೆ: ನಮ್ಮ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಹಳೇ ನುಡಿ ಸಾಫ್ಟ್‌ವೇರ್‌ನಲ್ಲಿ ಕನ್ನಡ ಟೈಪ್ ಮಾಡಿದ ಗಿರಾಕಿಗಳ ಪಟ್ಟಿ ವಾಟ್ಸಾಪ್‌ಗೆ ಹಾಕಿದ್ರೆ ಏನೇನೋ ಇಂಗ್ಲಿಷ್ ಅಕ್ಷರ ಬರತ್ತೆ. ವೈರಸ್ಸಾ?

ಉತ್ತರ: ವೈರಸ್ ಅಲ್ಲ. ಹಳೇ ಫಾಂಟು ಇಂಗ್ಲಿಷ್ ಅಕ್ಷರದ ಮೇಲೇ ಕನ್ನಡದ ಚಿತ್ರ ಕೂರಿಸ್ತಿತ್ತು, ಆ ಫಾಂಟ್ ಇಲ್ಲದ ಕಡೆ ಒಳಗಿನ ಅಕ್ಷರ ಹೊರಗೆ ಬರತ್ತೆ. ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ, ಅಂದ್ರೆ ಎಲ್ಲಾ ಫೋನು ಕಂಪ್ಯೂಟರಿಗೂ ಅರ್ಥ ಆಗೋ ಅಕ್ಷರ ಪದ್ಧತಿಗೆ, ಬದಲಾಯಿಸಿ, ಒತ್ತಕ್ಷರ ಮತ್ತೆ ಅರ್ಕಾವತ್ತು ಸರಿಯಾಗಿ ಬಂದಿದ್ಯಾ ಅಂತ ಒಂದ್ಸಲ ಕಣ್ಣಾಡಿಸಿ. ಇನ್ಮೇಲೆ ಪಟ್ಟಿ ಯೂನಿಕೋಡ್‌ನಲ್ಲೇ ಇರ್ಲಿ, ಹೆಸರು ಹುಡುಕೋಕೂ ಬರತ್ತೆ. ಹಳೇ ಫೈಲ್ ಡಿಲೀಟ್ ಮಾಡ್ಬೇಡಿ, ಡಿಟಿಪಿ ಸಾಫ್ಟ್‌ವೇರ್ ಹಳೇದಾಗಿದ್ರೆ ಮದುವೆ ಕಾರ್ಡಿಗೆ ಅದೇ ಬೇಕಾಗತ್ತೆ.